ಮೆಟ್ರೋ ಮೆಟ್ಟಿಲ ಬುಡದ ದೇವರು

ಹೂ ಕಟ್ಟುವ ಬಾಳೆನಾರಿನ ಕರೆ ಹಿಡಿದು ಚಿಕ್ಕಮ್ಮನ ಬಲಗೈ ಹೆಬ್ಬೆರಳು ಸದಾ ಕಪ್ಪಾಗಿರುತ್ತಿತ್ತು. ಕಾಪುವಿನಲ್ಲಿ ಹುಟ್ಟಿ, ಮದುವೆಯಾಗಿ ಮುಂಬೈ ಸೇರಿದವರು. ಗಂಡ ತೀರಿಕೊಂಡ ಮೇಲೆ, ಕಂಬಗಳ ಮೇಲೆ ಎದ್ದ ಮೆಟ್ರೋ ನಿಲ್ದಾಣದ ಮೆಟ್ಟಿಲ ಬುಡದಲ್ಲಿ ಹೂ ಮಾರಿ ಬದುಕಿದರು. ಶಂಕರಪುರದ ಮಲ್ಲಿಗೆ ಊರಿನ ಬಸ್ಸಿನಲ್ಲಿ ಬರುತ್ತಿತ್ತು. ಯಾರಾದರೂ ಹೂವನ್ನು ಮೂಗಿನ ಹತ್ತಿರ ಒಯ್ದರೆ ಮುಗಿಯಿತು. "ಮೂಸಿದ್ದು ದೇವರಿಗೆ ಆಗುವುದಿಲ್ಲ, ನೀವೇ ಮುಡಿದುಕೊಳ್ಳಿ" ಎನ್ನುತ್ತಿದ್ದರು.

ನಮ್ಮೂರು ಬನ್ನಂಜೆಯಿಂದ ರಜೆಗೆ ಮುಂಬೈಗೆ ಹೋದಾಗಲೆಲ್ಲ ನಾನು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಅವರ ಪಕ್ಕ ಕೂರುತ್ತಿದ್ದೆ. ಮೇಲೆ ಗಾಜು, ಎಸಿ, ಹೊಳೆಯುವ ನೆಲ. ಕೆಳಗೆ ಮೂತ್ರದ ನಾತ, ಗೋಡೆಯುದ್ದಕ್ಕೂ ಗುಟ್ಕಾದ ಕೆಂಪು. ರೈಲಿನಲ್ಲಿ ಬಾಯಿ ಮುಚ್ಚಿಕೊಂಡು ಬಂದ ಸಭ್ಯರು ಮೆಟ್ಟಿಲಿಳಿದ ಕೂಡಲೇ ಪಿಚಕ್ಕನೆ ಉಗುಳುತ್ತಿದ್ದರು.

ಇದನ್ನು ತಡೆಯಲು ನಿಲ್ದಾಣದ ಮೇಲ್ವಿಚಾರಕ ಆ ಗೋಡೆಗೆ ದೇವರ ಚಿತ್ರದ ಟೈಲ್ಸ್ ಅಂಟಿಸಿದ. ಕೆಲವು ದಿನ ಗೋಡೆ ಒಣಗಿತ್ತು. ಆಮೇಲೆ ಗಣಪತಿಯ ಸೊಂಡಿಲ ಮೇಲೂ ಕೆಂಪು ಇಳಿಯಿತು. ಚಿಕ್ಕಮ್ಮ ಬೆಳಿಗ್ಗೆ ಬಂದವರೇ ದೇವರ ಮುಖಗಳನ್ನು ತೊಳೆದು, ಆಮೇಲೆ ಬುಟ್ಟಿ ಬಿಚ್ಚುತ್ತಿದ್ದರು. ಟೈಲ್ಸ್ ತೆಗೆಸಿ ಎಂದು ಮೇಲ್ವಿಚಾರಕನಿಗೆ ಹೇಳಿ ಹೇಳಿ ಸಾಕಾಯಿತು.

"ನಿಮಗೆಂತಕ್ಕೆ ಈ ಉಸಾಬರಿ ಚಿಕ್ಕಮ್ಮ? ಕೂರುವ ಜಾಗ ಹೋದರೆ?" ಎಂದೆ.

"ಹೋದರೆ ಕಷ್ಟ ಉಂಟು, ಗೊತ್ತುಂಟು. ಆದರೆ ಎದುರು ಕೂತು ಎಷ್ಟು ದಿನ ನೋಡುವುದು ಮಾರಾಯ? ನಮ್ಮ ಮನೆಯಲ್ಲಿ ದೇವರನ್ನು ಕಕ್ಕಸಿನ ಗೋಡೆಗೆ ಇಡ್ತಾರಾ?"

ಮರುದಿನ ಒಂದು ಉಳಿ ತಂದು ಟೈಲ್ಸ್‌ಗಳನ್ನು ಒಂದೊಂದಾಗಿ ಎಬ್ಬಿಸಿ, ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕತೊಡಗಿದರು. ಜನ ಸೇರಿದರು. ಅದೇ ಗೋಡೆಗೆ ಉಗುಳುತ್ತಿದ್ದವರು, ಬಾಯಲ್ಲಿ ಗುಟ್ಕಾ ಇಟ್ಟುಕೊಂಡೇ, ದೇವರಿಗೆ ಅವಮಾನವಾಯಿತೆಂದು ಕೂಗಾಡಿದರು. ಅವರ ಕೂಗಿಗೆ ಹೆದರಿದ ಮೇಲ್ವಿಚಾರಕ ಹೂವಿನ ಬುಟ್ಟಿ ಎತ್ತಿ ರಸ್ತೆಗೆ ಎಸೆದ. ಚಿಕ್ಕಮ್ಮನನ್ನು ಮತ್ತೆ ಅಲ್ಲಿ ಕೂರಲು ಬಿಡಲಿಲ್ಲ.

ಕಾಪುವಿಗೆ ಮರಳಿ ತಮ್ಮನ ಮನೆಯಲ್ಲಿದ್ದರು. ಅಂಗಳದ ತುಂಬ ಮಲ್ಲಿಗೆ ಅರಳಿದರೂ ಕಟ್ಟಲು ಕೂರಲಿಲ್ಲ. "ನಾನು ಮಾಡಿದ್ದು ತಪ್ಪಾ?" ಎಂದು ಒಮ್ಮೆ ಕೇಳಿದರು. ಅಲ್ಲ ಎಂದೆ. ನಂಬಿದರೋ ಇಲ್ಲವೋ ತಿಳಿಯದು. ಕಳೆದ ಮಳೆಗಾಲದಲ್ಲಿ ತೀರಿಕೊಂಡರು.

ಮೊನ್ನೆ ಆ ನಿಲ್ದಾಣದಲ್ಲಿ ಇಳಿದೆ. ಗೋಡೆಗೆ ಹೊಸ ಟೈಲ್ಸ್ ಹಾಕಿದ್ದಾರೆ. ಲಕ್ಷ್ಮಿಯ ಕಣ್ಣಿನಿಂದ ಗಲ್ಲದವರೆಗೆ ಉಗುಳು ಇಳಿದಿತ್ತು. ನೂರಾರು ಜನ ಪಕ್ಕದಲ್ಲೇ ಹಾದುಹೋಗುತ್ತಿದ್ದರು. ದೇವರಿಗೆ ಅವಮಾನವಾಯಿತೆಂದು ಒಬ್ಬನೂ ಕೂಗಲಿಲ್ಲ.