ದೇವರ ಗೂಡು ಸೇರಿದ ಅಗ್ನಿಶಿಲೆ

ತಾಲ್ಲೂಕಿನ ವಿಜ್ಞಾನ ಪ್ರದರ್ಶನಕ್ಕೆ ಒಂದೇ ದಿನ ಉಳಿದಿತ್ತು, ಮಗಳ ಮೂರು ಕಲ್ಲುಗಳಲ್ಲಿ ಒಂದು ಕಾಣೆಯಾಯಿತು. ಹುಡುಕುವುದೇನೂ ಕಷ್ಟವಾಗಲಿಲ್ಲ. ನಮ್ಮ ಅತ್ತೆ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ವಿಭೂತಿ ಬಳಿದು, ಕುಂಕುಮ ಇಟ್ಟು, ಮೇಲೊಂದು ದಾಸವಾಳ ಏರಿಸಿ ದೇವರ ಗೂಡಿನಲ್ಲಿ ಕೂರಿಸಿಬಿಟ್ಟಿದ್ದರು.

ಅವರನ್ನು ದೂರಿ ಪ್ರಯೋಜನವಿಲ್ಲ. ಸೊರಬದ ಕಡೆ ನನ್ನ ತವರಿನ ಹಳ್ಳದಲ್ಲಿ ಸಿಕ್ಕ ಕರಿಕಲ್ಲು ಅದು. ನೀರಿನಲ್ಲಿ ಉರುಳಿ ಉರುಳಿ ಮೊಟ್ಟೆಯ ಹಾಗೆ ನುಣ್ಣಗಾಗಿತ್ತು. ಮಗಳು ಅದನ್ನು ಕಿಟಕಿಯಲ್ಲಿ ಇಟ್ಟಿದ್ದಳು. ಅಲ್ಲಿ ಅಂಥದ್ದೊಂದು ಕಂಡರೆ ಕೈಮುಗಿಯದೆ ಮುಂದೆ ಹೋಗುವವರು ನಮ್ಮ ಶಿಕಾರಿಪುರದ ಬೀದಿಯಲ್ಲಿ ಯಾರಿದ್ದಾರೆ? ನಿಜ ಹೇಳುತ್ತೇನೆ, ಆ ಬೆಳಿಗ್ಗೆ ದೀಪ ಹಚ್ಚುವಾಗ ಅದಕ್ಕೂ ಸೇರಿಸಿ ನಾನೇ ನಮಸ್ಕಾರ ಹಾಕಿದ್ದೆ. ಮಗಳ ಕಲ್ಲೆಂದು ಗುರುತೇ ಹತ್ತಲಿಲ್ಲ.

ಮಗಳು ಆರನೇ ಕ್ಲಾಸು. ಎರಡು ವರ್ಷ ಬೇರೆ ಮಕ್ಕಳು ಮಾತಾಡುವಾಗ ಹಿಂದೆ ನಿಂತು ಚಾರ್ಟು ಹಿಡಿದುಕೊಂಡಿದ್ದವಳು. ಈ ಸಲ ಟೀಚರು, "ನಿಂಗೇ ಒಂದು ಟೇಬಲ್ಲು, ಕಲ್ಲು ಹುಟ್ಟೋದು ಹೆಂಗೆ ಅಂತ ನೀನೇ ಹೇಳು" ಎಂದಿದ್ದರು. ಒಂದೇ ಕರಾರು: ಕಲ್ಲುಗಳನ್ನು ತಾನೇ ಹುಡುಕಿ, ತೂಗಿ, ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದಿರಬೇಕು. ಬರೆದ ಕಲ್ಲೇ ಟೇಬಲ್ಲಿನ ಮೇಲಿರಬೇಕು. ಇಲ್ಲವಾದರೆ ಟೇಬಲ್ಲೂ ಇಲ್ಲ.

ಎರಡನೆಯದು ನಮ್ಮ ಅಡುಗೆಕಟ್ಟೆಗೆ ಹಾಕಿಸಿ ಉಳಿದ ಕಡಪ ಕಲ್ಲಿನ ತುಂಡು. ಸಮುದ್ರದ ತಳದಲ್ಲಿ ಸುಣ್ಣದ ಕೆಸರು ಪದರದ ಮೇಲೆ ಪದರ ಕೂತು ಗಟ್ಟಿಯಾದ ಪದರಶಿಲೆ. ಮೂರನೆಯದು ಬಂದಳಿಕೆಯ ಹೊಲವೊಂದರ ಬದುವಿನಲ್ಲಿ ಆರಿಸಿದ ಬಳಪದ ಕಲ್ಲು. ಹಳೆಯ ಕಲ್ಲೊಂದು ನೆಲದಾಳದ ಕಾವಿಗೂ ಒತ್ತಡಕ್ಕೂ ಸಿಕ್ಕಿ ಬೇರೆಯೇ ಕಲ್ಲಾದರೆ ಅದು ರೂಪಾಂತರ ಶಿಲೆಯಂತೆ. ಇಪ್ಪತ್ತು ವರ್ಷ ಕಡಪದ ಕಟ್ಟೆಗಳ ಮೇಲೆ ರೊಟ್ಟಿ ತಟ್ಟಿದ ನನಗೆ, ಆ ಕಲ್ಲು ಸಮುದ್ರದಿಂದ ಎದ್ದು ಬಂದದ್ದೆಂದು ಹೇಳಿದವಳು ಮಗಳೇ.

"ಅಜ್ಜಿ, ಅದು ನನ್ನ ಅಗ್ನಿಶಿಲೆ! ಕೊಡಜ್ಜಿ."

"ಪೂಜಿ ಆಗೈತಿ. ಇನ್ನು ಅದು ನಿಂದೂ ಅಲ್ಲ, ನಂದೂ ಅಲ್ಲ. ರೋಡಿನಾಗೆ ಜಲ್ಲಿ ರಾಶಿ ಬಿದ್ದಾವಲ್ಲ, ಒಂದು ಆರಿಸ್ಕೋ ಹೋಗು."

"ನೋಟ್‌ಬುಕ್ಕಲ್ಲಿ ಇದರ ಚಿತ್ರ ಐತಜ್ಜಿ!"

"ಹಂಗಾದ್ರೆ ಚಿತ್ರಾನೇ ತಗಂಡು ಹೋಗು."

ಮಗಳು ನನ್ನ ಮುಖ ನೋಡಿದಳು. ಅತ್ತೆಯೂ ನೋಡಿದರು. ಪೂಜೆಯಾದದ್ದನ್ನು ಕಿತ್ತು ಕೊಡುವ ಧೈರ್ಯ ನನಗೂ ಇರಲಿಲ್ಲ. ಕಣ್ಣೆದುರಿಗೇ ಮಗುವಿನ ಟೇಬಲ್ಲು ಹೋಗುವುದನ್ನು ನೋಡುವ ಧೈರ್ಯವೂ ಇರಲಿಲ್ಲ. ಆ ಕ್ಷಣಕ್ಕೆ ಒಂದೇ ಬುದ್ಧಿ ಕೊಟ್ಟ ದೇವರು, ಅದೂ ಅವನ ದಯೆಯೇ. "ಕಲ್ಲು ಆಮೇಲೆ. ಮೊದಲು ಅದು ಹೆಂಗೆ ಹುಟ್ಟಿತು ಅಂತ ಅಜ್ಜಿಗೆ ಹೇಳು" ಎಂದೆ.

ಅವಳು ಮೂಗು ಒರೆಸಿಕೊಳ್ಳುತ್ತಲೇ ಶುರುಮಾಡಿದಳು. ಭೂಮಿಯೊಳಗೆ ಕಲ್ಲು ಕರಗಿ ಕುದಿಯುತ್ತದೆ, ಬಿರುಕಿನಲ್ಲಿ ಮೇಲೇರಿ ಬರುತ್ತದೆ, ಅಲ್ಲೇ ಮೆಲ್ಲಗೆ ತಣ್ಣಗಾದರೆ ಹರಳು ಕಟ್ಟುತ್ತದೆ, ಗಕ್ಕನೆ ತಣ್ಣಗಾದರೆ ಹರಳಿಗೆ ಸಮಯವೇ ಸಿಗದೆ ಗಾಜಿನ ಹಾಗಾಗುತ್ತದೆ.

ಅತ್ತೆ ಹೂಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. "ಪಾಕದಂಗೆ ಅನ್ನು! ತಟ್ಟೆಗೆ ಸುರುವಿದ್ರೆ ಗಾಜು. ಸುಮ್ನೆ ಬಿಟ್ರೆ ಕಲ್ಲುಸಕ್ಕರೆ."

"ಹೂಂ ಅಜ್ಜಿ! ಅದೇ!" ಎಂದು ಮಗಳು ಭೂತಗನ್ನಡಿ ತಂದು ಅಜ್ಜಿಯ ಕೈಗಿಟ್ಟಳು. ಅತ್ತೆ ಗೂಡಿನೊಳಗೆ ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು, "ನಾಳೆ ನಾನೇ ಹಿಡ್ಕಂಡು ಬರ್ತೀನಿ. ಎಂಜಲು ಕೈಯಾಗೆ ಯಾರೂ ಮುಟ್ಟಂಗಿಲ್ಲ" ಎಂದರು. ತಾನೂ ಮುಟ್ಟುವುದಿಲ್ಲವೆಂದು ಮಗಳು ಮಾತು ಕೊಟ್ಟಳು.

ಮರುದಿನ ಕಡಪ, ಬಳಪ ಎರಡೂ ಚೀಲದಲ್ಲಿ ಹೋದವು. ಅಗ್ನಿಶಿಲೆ ಮಾತ್ರ ಹಿತ್ತಾಳೆ ತಟ್ಟೆಯಲ್ಲಿ, ಹೂವಿನ ಸಮೇತ, ಆಟೋದಲ್ಲಿ ಅತ್ತೆಯ ತೊಡೆಯ ಮೇಲೆ ಹೋಯಿತು. ಟೇಬಲ್ಲಿನ ಹತ್ತಿರ ಬಂದ ಮಕ್ಕಳಿಗೆಲ್ಲ ಅತ್ತೆಯ ಅಪ್ಪಣೆ: "ಚಪ್ಲಿ ಅಲ್ಲಿ ಬಿಟ್ಟು ಬರ್ರಿ!" ಬಿಟ್ಟೂ ಬಂದರು.

ಅಂಕ ಹಾಕುವ ಮೇಷ್ಟರು ಬಂದು ಹುಬ್ಬೇರಿಸಿದರು. "ಏನಮ್ಮಾ, ವಿಜ್ಞಾನದ ಟೇಬಲ್ಲಿಗೆ ದೇವರನ್ನ ಕರ್ಕೊಂಡು ಬಂದಿದೀಯಾ?"

ಮಗಳು ಒಂದು ಹೆಜ್ಜೆ ಮುಂದೆ ಬಂದಳು. "ಕುಂಕುಮ ಅಜ್ಜಿದು ಸಾರ್. ಕಲ್ಲು ನಂದು."

"ಸರಿ, ಇದು ಅಗ್ನಿಶಿಲೆ ಅಂತ ಹೆಂಗೆ ಗೊತ್ತಾಯ್ತು?"

"ಹರಳು ಕಾಣ್ತಾವೆ ಸಾರ್."

"ಎಲ್ಲಿ? ನಂಗೆ ವಿಭೂತಿ ಬಿಟ್ರೆ ಏನೂ ಕಾಣ್ತಿಲ್ಲ."

ಮಗಳು ಅಜ್ಜಿಯ ಕಡೆ ತಿರುಗಲಿಲ್ಲ, ಕೈಯನ್ನೂ ಚಾಚಲಿಲ್ಲ. ಕೊಟ್ಟ ಮಾತಿಗೆ ಕಟ್ಟುಬಿದ್ದಿದ್ದಳು. ಆಗ ಅತ್ತೆ ತಾವೇ ಹೂವು ತೆಗೆದು ಕಣ್ಣಿಗೊತ್ತಿಕೊಂಡರು. ತಮ್ಮ ಸೆರಗಿನ ತುದಿಯನ್ನು ಮಗಳ ಬಾಟಲಿಯ ನೀರಿನಲ್ಲಿ ನೆನೆಸಿ ವಿಭೂತಿ, ಕುಂಕುಮ ಎಲ್ಲವನ್ನೂ ಒರೆಸಿದರು. ನೀರು ತಾಗಿದ ಕರಿಕಲ್ಲಿನಲ್ಲಿ ಸಣ್ಣ ಸಣ್ಣ ಹರಳು ಮಿಣಮಿಣ ಎಂದವು. "ನೋಡ್ರಿ ಮೇಷ್ಟ್ರೇ, ಈಗ ನೋಡ್ರಿ" ಎಂದು ತಟ್ಟೆಯನ್ನೇ ಮುಂದೆ ಹಿಡಿದರು.

ಆಮೇಲೆ ಮಗಳ ಬಾಯಿಗೆ ತಡೆಯೇ ಇರಲಿಲ್ಲ. ಪಾಕ, ಗಾಜು, ಕಲ್ಲುಸಕ್ಕರೆ, ಸಮುದ್ರದ ಕೆಸರು, ಕುಬಟೂರಿನ ಗುಡಿಯ ಕಂಬವನ್ನು ಕಡೆದದ್ದೂ ಬಳಪದ ಕಲ್ಲಿನಲ್ಲೇ ಎನ್ನುವವರೆಗೆ ಹೇಳುತ್ತಾ ಹೋದಳು. ಮೇಷ್ಟರು ಬರೆದುಕೊಳ್ಳುವುದನ್ನು ಬಿಟ್ಟು ಕೇಳುತ್ತಾ ನಿಂತರು. ಹಿಂದಿದ್ದ ಮಕ್ಕಳು ಇಣುಕಿ ಇಣುಕಿ ಮುಂದೆ ಬಂದರು.

ಸಂಜೆ ಹೆಸರು ಕೂಗಿದಾಗ ಮೊದಲು ಕೂಗಿದ್ದೇ ಅವಳದು. ಶಿವಮೊಗ್ಗದ ಪ್ರದರ್ಶನಕ್ಕೆ ಆಯ್ಕೆ. ಅವಳು ಒಬ್ಬಳೇ ವೇದಿಕೆ ಹತ್ತಿ ಮೈಕಿನಲ್ಲಿ ಕಲ್ಲಿನ ಮೂರು ಜಾತಿಗಳನ್ನು ಮತ್ತೊಮ್ಮೆ ಹೇಳಿದಳು, ಒಂದು ಕಡೆಯೂ ತಡವರಿಸದೆ. ನಾನು ಕೂತಲ್ಲೇ ಕೈಮುಗಿದೆ. ಯಾವ ದೇವರಿಗೆ ಎಂದು ಕೇಳಿದರೆ ಹೇಳಲಾರೆ, ಅಷ್ಟು ಜನರಿಗೆ ಋಣಿಯಾಗಿದ್ದೆ.

ಪಕ್ಕದಲ್ಲಿ ಅತ್ತೆ ಚಪ್ಪಾಳೆ ತಟ್ಟಿ ತಟ್ಟಿ ಸಾಕಾಗಿ, ನನ್ನ ಕಡೆ ಬಗ್ಗಿದರು. "ಶಿವಮೊಗ್ಗಕ್ಕೆ ಮೊದ್ಲ ಬಸ್ಸು ಎಷ್ಟೊತ್ತಿಗೆ ಐತೆ?"