ಕುಂಕುಮ ಹಚ್ಚಿದ ಲೈಫ್ ಜಾಕೆಟ್

ಹೋದ ಶನಿವಾರ ಗ್ಯಾರೇಜ್ ಕ್ಲೀನ್ ಮಾಡುವಾಗ ಹಳೇ ಡಬ್ಬಗಳ ಹಿಂದೆ ಕಿತ್ತಳೆ ಬಣ್ಣದ್ದೊಂದು ಪುಟ್ಟ ಲೈಫ್ ಜಾಕೆಟ್ ಸಿಕ್ಕಿತು. ಎದೆಯ ಮೇಲಿನ ಕುಂಕುಮದ ಬೊಟ್ಟು ಮಾಸಿ ಕಂದಾಗಿತ್ತು. ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ, ಅದರ ಹಿಂದೆ ಸಣ್ಣಗೆ ಕರ್ಪೂರದ್ದು. ಅಲ್ಲೇ ಸಿಮೆಂಟಿನ ಮೇಲೆ ಕೂತುಬಿಟ್ಟೆ. ಅಂಕಲ್ ನೆನಪಾದರು...

ಹೂಸ್ಟನ್ ಪಕ್ಕದ ಪೇರ್ಲ್ಯಾಂಡಿನ ಈ ಮನೆಗೆ ನಾವು ಬಂದಾಗ ಅವರು ಪಕ್ಕದ ಮನೆಯವರು. ಬಾಗಲಕೋಟೆ ಕಡೆಯವರು. ಗಂಡ ಹೆಂಡತಿ ಇಬ್ಬರೇ, ಮಕ್ಕಳಿರಲಿಲ್ಲ. ಉಳಿದ ಗಂಡಸರು ವಾರಾಂತ್ಯಕ್ಕೆ ಕ್ರಿಕೆಟ್ ಎಂದು ಓಡಿದರೆ ಇವರು ಹಳೆಯದೊಂದು ಬೋಟು ಕೊಂಡು, ಕಡಲಂಚಿನ ಕೆಮಾದಲ್ಲಿ ಕಟ್ಟಿಹಾಕಿ, ಅದರ ಇಂಜಿನ್ನಿನೊಳಗೆ ತಲೆ ತೂರಿಸಿಕೊಂಡಿರುತ್ತಿದ್ದರು. ಎರೆಮಣ್ಣಿನ ಊರಿನವರಿಗೆ ಸಮುದ್ರದ ಹುಚ್ಚು ಹೇಗೆ ಹಿಡಿಯಿತೋ, ಆ ಬನಶಂಕರಿಗೇ ಗೊತ್ತು. ಬೋಟಿನ ಬೆನ್ನ ಮೇಲೆ ಅವಳ ಹೆಸರನ್ನೇ ಕನ್ನಡದಲ್ಲಿ ಬರೆಸಿದ್ದರು.

ಆಯುಧ ಪೂಜೆಗೆ ನಮ್ಮನ್ನೂ ಕರೆದಿದ್ದರು. ಕಾರಿನ ಚಕ್ರದ ಕೆಳಗೆ ನಿಂಬೆಹಣ್ಣಿಡುತ್ತೇವೆ ಸರಿ, ಬೋಟಿಗೆ ಚಕ್ರ ಎಲ್ಲಿಂದ ತರುವುದು? ಗಂಡ ಹೆಂಡತಿ ಅಲ್ಲೇ ಜಗಳಕ್ಕೆ ನಿಂತರು. ಕೊನೆಗೆ ಆಂಟಿ ಸಿಟ್ಟಿನಲ್ಲಿ ನಿಂಬೆಹಣ್ಣುಗಳನ್ನು ನೀರಿಗೇ ಎಸೆದರು. ಅವು ತೇಲುತ್ತ ಹೊರಟುಹೋದವು. "ತೇಲ್ಲಿ ಬಿಡ, ಮುಂದ ಹೋಗಿ ದಾರಿ ನೋಡ್ತಾವ" ಎಂದು ಅಂಕಲ್ ನಕ್ಕರು. ನನ್ನ ಮಗಳ ಅಳತೆಗೆಂದು ಅಂಕಲ್ ತಂದಿದ್ದ ಈ ಜಾಕೆಟ್ಟಿಗೂ ಆಂಟಿ ಅವತ್ತೇ ಕುಂಕುಮ ಹಚ್ಚಿದ್ದು. ಮಗಳಿಗೆ ಇನ್ನೂ ಸರಿಯಾಗಿ ಮಾತು ಬರುತ್ತಿರಲಿಲ್ಲ.

ಅಂಕಲ್‌ಗೆ ಇದ್ದದ್ದು ಒಂದೇ ಆಸೆ. ಬೋಟನ್ನು ಟ್ರೈಲರಿನ ಮೇಲೆ ಸಿಯಾಟಲ್‌ವರೆಗೆ ಎಳೆದೊಯ್ದು, ಅಲ್ಲಿಂದ ದ್ವೀಪಗಳ ಸಂದಿಯ ಒಳದಾರಿಯಲ್ಲಿ ಅಲಾಸ್ಕಾ ಮುಟ್ಟಬೇಕು. ಆಂಟಿ ಜೊತೆಗಿರಬೇಕು, ನಾವೂ ಇರಬೇಕು. ಊಟದ ಮೇಜಿನ ಮೇಲೆ ಸಮುದ್ರದ ನಕ್ಷೆ ಹರಡಿ, ಮೂಲೆ ಮಡಚದಂತೆ ಶೇಂಗಾ ಚಟ್ನಿಯ ಡಬ್ಬಿ ಹೇರಿ ತೋರಿಸುತ್ತಿದ್ದರು. ಎರಡೂ ಕಡೆ ಕಪ್ಪು ಕಾಡು, ಬೆಟ್ಟದಿಂದ ನೀರಿಗಿಳಿದ ನೀಲಿ ಹಿಮ, ಪಕ್ಕದಲ್ಲೇ ಉಸಿರು ಬಿಡುವ ತಿಮಿಂಗಿಲ... ಹೊರಗೆ ಹೂಸ್ಟನ್ನಿನ ಬಿಸಿಲು ಸುಡುತ್ತಿರುವುದೇ ಮರೆತುಹೋಗುತ್ತಿತ್ತು. ಇಕ್ಕಟ್ಟಾದ ಕಡೆ ಉಬ್ಬರ ಇಳಿತದ ಸೆಳೆತ ಬೋಟನ್ನೇ ತಿರುಗಿಸಿಬಿಡುತ್ತದಂತೆ. "ಉಬ್ಬರ ಮುಗದು ಇಳಿತ ಶುರು ಆಗೂ ಮುಂದ ನೀರು ನಿಲ್ತದ, ಅಲ್ಲೀತನಕ ಕಾಯಬೇಕ್ರಿ. ನಿಂತಕೂಡ್ಲೆ ದಾಟಬೇಕು. ಭಾಳ ಹೊತ್ತು ನಿಲ್ಲೂದಿಲ್ಲ ಅದು."

ತೊಡಕು ಒಂದೇ. ಆ ದಾರಿ ಅರ್ಧಕ್ಕೂ ಹೆಚ್ಚು ಕೆನಡಾದ ನೀರಿನಲ್ಲಿ ಹಾಯುತ್ತದೆ. ನಾವೆಲ್ಲ ಕೆಲಸದ ವೀಸಾದ ಮೇಲೆ, ಗ್ರೀನ್ ಕಾರ್ಡಿನ ಸರದಿಯಲ್ಲಿ ನಿಂತವರು. ದೇಶದ ಹೊರಗೆ ಹೋದರೆ ಮತ್ತೆ ಒಳಗೆ ಬರುವಾಗ ಏನಾಗುತ್ತದೋ ಎಂಬ ಹೆದರಿಕೆ. ಲಾಯರು, "ಹೋಗಬಹುದು, ಆದರೆ ಯಾಕೆ ರಿಸ್ಕ್?" ಎಂದರಂತೆ. ಈ "ಯಾಕೆ ರಿಸ್ಕ್" ಇಲ್ಲಿ ನಮ್ಮೆಲ್ಲರ ಮನೆದೇವರು. ಅದಕ್ಕೆ ನಡೆದುಕೊಂಡೇ ನಾವು ತಂಗಿಯರ ಮದುವೆ ತಪ್ಪಿಸಿಕೊಂಡಿದ್ದೇವೆ, ಬೇಡದ ಕೆಲಸಕ್ಕೆ ಅಂಟಿಕೊಂಡಿದ್ದೇವೆ. "ಅಂಕಲ್, ಸೀದಾ ಅಲಾಸ್ಕಾಗೆ ಫ್ಲೈಟ್ ತಗೊಳ್ಳಿ, ಅಲ್ಲೇ ಬೋಟ್ ಬಾಡಿಗೆಗೆ ಸಿಗುತ್ತೆ. ಕೆನಡಾ ಸಹವಾಸಾನೇ ಬೇಡ" ಎಂದು ನನ್ನ ಗಂಡ ಹೇಳಿ ನೋಡಿದ. ಅಂಕಲ್ ಒಪ್ಪಲಿಲ್ಲ. "ಅರ್ಧಾ ದಾರಿಯಿಂದ ಶುರು ಮಾಡಿದ್ರ ಅದೇನ್ ಯಾತ್ರಾ ಆಗ್ತದೇನ್ರಿ? ಕಾರ್ಡ್ ಬರ್ಲಿ. ನೀರು ಎಲ್ಲಿಗೆ ಓಡಿ ಹೋಗ್ತದ?"

ಪ್ರತಿ ಬೇಸಿಗೆಗೂ ಬೋಟಿಗೆ ಹೊಸ ಬಣ್ಣವಾಗುತ್ತಿತ್ತು. ಸರದಿ ಕದಲುತ್ತಿರಲಿಲ್ಲ. ಕೊನೆಗೂ ಕದಲಿದಾಗ ಅಂಕಲ್ ಅವರ ಕಿಡ್ನಿ ಎರಡೂ ಕೈಕೊಟ್ಟಿದ್ದವು. ಕಾರ್ಡ್ ಬಂದ ದಿನ ಆಂಟಿ ಸಿಹಿಗೆಂದು ಮಾದಲಿ ಮಾಡಿ ನಮ್ಮನ್ನು ಕರೆದರು. ಅಂಕಲ್ ಆಗಷ್ಟೇ ಡಯಾಲಿಸಿಸ್ ಮುಗಿಸಿ ಬಂದು ಸೋಫಾದಲ್ಲಿ ಮಲಗಿದ್ದರು. ದಿನ ಬಿಟ್ಟು ದಿನ ಆ ಯಂತ್ರದ ಪಕ್ಕ ಕೂರಬೇಕಾದವರು ವಾರಗಟ್ಟಲೆ ಆಸ್ಪತ್ರೆಯೇ ಸಿಗದ ನೀರಿನಲ್ಲಿ ಹೋಗುವುದುಂಟೇ? ಕಾರ್ಡನ್ನು ನನ್ನ ಕೈಗೆ ಕೊಟ್ಟು, "ನೋಡ್ರಿ, ಫೋಟೋದಾಗ ಎಷ್ಟ್ ಚಂದ ಬಂದೀನಿ" ಎಂದರು. ಆಂಟಿ ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟರು. ಆದರೂ ಅವರು ಅಳುವುದು ನನಗೆ ಕೇಳಿಸಿತು.

ಆಮೇಲೂ ಆಗಾಗ ಅಂಕಲ್ ಕೆಮಾಗೆ ಹೋಗಿ ಬೋಟಿನಲ್ಲಿ ಸುಮ್ಮನೆ ಕೂತು ಬರುತ್ತಿದ್ದರು. ಹಗ್ಗ ಬಿಚ್ಚುತ್ತಿರಲಿಲ್ಲ. ಒಂದು ಭಾನುವಾರ ನಾನೇ ಡ್ರೈವ್ ಮಾಡಿಕೊಂಡು ಕರೆದೊಯ್ದಿದ್ದೆ. ಕೊಲ್ಲಿಯ ಮಣ್ಣುಬಣ್ಣದ ನೀರನ್ನೇ ನೋಡುತ್ತ ಕೂತಿದ್ದರು. ಆಮೇಲೆ, "ನೀರು ನಿಂತಿತ್ರಿ... ನಾನ ದಾಟ್ಲಿಲ್ಲ" ಎಂದರು.

ಆ ಚಳಿಗಾಲದಲ್ಲೇ ಹೋಗಿಬಿಟ್ಟರು. ಆಂಟಿ ಆಸ್ಟಿನ್ನಿನ ತಮ್ಮನ ಮನೆಗೆ ಶಿಫ್ಟ್ ಆದರು. ಬೋಟನ್ನು ಯಾರೋ ಮೀನು ಹಿಡಿಯುವವರು ಕೊಂಡು, ಅರ್ಥವಾಗದ ಆ ಹೆಸರನ್ನು ಕೆರೆದು ತೆಗೆದರಂತೆ.

ಶನಿವಾರ ನಾನು ಹೀಗೆ ಕೂತಿದ್ದಾಗ ಮಗಳು ಬಂದಳು. "ಅಮ್ಮಾ, ಈಸ್ ದಿಸ್ ಮೈನ್?" ಎಂದು ಜಾಕೆಟ್ ಎತ್ತಿಕೊಂಡಳು. ಎಲ್ಲವನ್ನೂ ಹೇಳಿದೆ. ಹಿಮ, ತಿಮಿಂಗಿಲ, ಅಂಕಲ್... ಅವಳ ಕಣ್ಣು ಅರಳಿತು. "ಸೋ ಕ್ಯಾನ್ ವಿ ಗೋ? ದಿಸ್ ಸಮ್ಮರ್?"

ನಾವಿನ್ನೂ ಅದೇ ಸರದಿಯಲ್ಲಿದ್ದೇವೆ. ಆ ಬೋಟಿನಲ್ಲಿ ಅಂಕಲ್ ಪಕ್ಕ ಕೂತು ಅವರ ಮಾತನ್ನು ಕಿವಿಯಾರೆ ಕೇಳಿದವಳು ನಾನು. ಆದರೂ ನನ್ನ ಹಾಳು ಬಾಯಿಂದ ಬಂದದ್ದು, "ಕಾರ್ಡ್ ಬರ್ಲಿ ಪುಟ್ಟಿ. ಈಗ್ಯಾಕೆ ರಿಸ್ಕ್?"

ಅವಳು ಜಾಕೆಟ್ಟನ್ನು ತೊಟ್ಟು ನೋಡಿದಳು. ತೋಳೇನೋ ಹೇಗೋ ತೂರಿತು. ಬಕಲ್ ಮಾತ್ರ ಎಷ್ಟು ಎಳೆದರೂ ಕೂಡಲಿಲ್ಲ.