ಜಹೀರಾಬಾದಿನ ಹೆದ್ದಾರಿಯ ಮೇಲೆ ಊಟ

ಬೀದರಿನಿಂದ ಹೊರಟ ನಮ್ಮ ಕಾರು ಜಹೀರಾಬಾದಿನಲ್ಲಿ ನಿಂತುಬಿಟ್ಟಿತು. ಪ್ರತ್ಯೇಕ ತೆಲಂಗಾಣಕ್ಕಾಗಿ ಜನ ಹೆದ್ದಾರಿಯ ನಡುವೆಯೇ ಒಲೆ ಹೂಡಿ ಅಡುಗೆ ಮಾಡುತ್ತಿದ್ದರು. ರಸ್ತೆ ತಡೆಯೆಂದರೆ ಕಲ್ಲು, ಉರಿಯುವ ಟೈರು ಎಂದುಕೊಂಡಿದ್ದ ನನಗೆ ಡಾಂಬರಿನ ಮೇಲೆ ಕುದಿಯುವ ಸಾರು ಕಂಡು ಅಚ್ಚರಿಯಾಯಿತು.

ಆದರೆ ನಿಂತಲ್ಲಿ ನಿಲ್ಲಲಾಗಲಿಲ್ಲ. ವಿದೇಶದ ವಸತಿ ಶಾಲೆಗಳಿಗೆ ಮಕ್ಕಳನ್ನು ಸೇರಿಸಿಕೊಡುವವರೊಬ್ಬರು ಹೈದರಾಬಾದಿನಲ್ಲಿ ನಮಗಾಗಿ ಕಾಯುತ್ತಿದ್ದರು. ಸಂಜೆಗೇ ಅವರ ವಿಮಾನ. ಮಗಳನ್ನು ಯಾವ ದೇಶಕ್ಕೆ ಕಳಿಸುವುದೆಂಬುದೂ ಮನೆಯಲ್ಲಿ ಇತ್ಯರ್ಥವಾಗಿರಲಿಲ್ಲ. ಹೆಂಡತಿಗೆ ತನ್ನ ಅಣ್ಣನಿರುವ ಮಲೇಷ್ಯಾ ಬೇಕು, ನನಗೆ ಇಂಗ್ಲೆಂಡ್.

ಬಡಿಸುತ್ತಿದ್ದ, ಕನ್ನಡ ಬಲ್ಲ ಹೆಂಗಸೊಬ್ಬಳು ನನ್ನ ಹೆಂಡತಿ, ಮಗಳನ್ನು ಕರೆದು ಊಟಕ್ಕೆ ಕೂರಿಸಿದಳು.

"ಖಾಲಿ ಹೊಟ್ಟಿಲೆ ಯಾಕ ನಿಂತೀರಿ ಅಕ್ಕಾ? ಎಲ್ಲಿಗಿ ಹೊಂಟೀರಿ?"

"ಮಗಳಿಗಿ ಸಾಲಿ ನೋಡಾಕ. ಪರದೇಶದಾಗ ಇಟ್ಟು ಓದಸಬೇಕಂತ," ಎಂದಳು ಹೆಂಡತಿ.

"ಯವ್ವಾ! ಯಾವ ದೇಶರಿ?"

ನಾವಿಬ್ಬರೂ ಒಟ್ಟಿಗೇ ಬಾಯಿ ತೆರೆದೆವು. ಅಷ್ಟರಲ್ಲಿ ಮಗಳೇ ಹೇಳಿದಳು: "ಇಂಗ್ಲೆಂಡ್. ಅಲ್ಲಿ ನಮ್ಮವ್ರು ಯಾರೂ ಇಲ್ಲ. ಮಾಮಾ ಇದ್ದಲ್ಲಿ ಹೋದ್ರ ನಾ ಅತ್ತಿದ್ದು ಮನಿಗಿ ಗೊತ್ತಾಗ್ತದ."

ನನ್ನ ಮಾತೇ ಗೆದ್ದಿತ್ತು. ಆದರೂ ಹೆಂಡತಿಯ ಮುಖ ನೋಡಲಾಗಲಿಲ್ಲ.

ಸ್ವಲ್ಪ ಹೊತ್ತಿಗೆ ದಾರಿ ಬಿಟ್ಟರು. ಡ್ರೈವರ್ ಹಾರ್ನ್ ಒತ್ತಿದ. ಹೆಂಡತಿ ಮಗಳ ಎಲೆಗೆ ಇನ್ನೊಂದು ಸೌಟು ಅನ್ನ ಹಾಕಿಸಿ, "ಸಾವಕಾಶ ಉಣ್ಣು," ಎಂದಳು. ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ನಾನು ಚಪ್ಪಲಿ ಬಿಟ್ಟು ಮಗಳ ಪಕ್ಕ ಕುಳಿತೆ.